ತಾರಸ್ಥಾಯಿಯಲ್ಲಿ ಬಿಗಿಯುತ್ತಿದ್ದ ಕಂಠ

ಹಾಡಿನ ಅಭ್ಯಾಸದಲ್ಲಿ ತಾರಸ್ಥಾಯಿಯನ್ನು, ಅಂದರೆ ಎತ್ತರದ ಸ್ವರಗಳ ಸಪ್ತಕವನ್ನು, ಮುಟ್ಟುತ್ತಿದ್ದಂತೆ ನನ್ನ ಕಂಠ ಬಿಗಿದುಕೊಳ್ಳುತ್ತಿತ್ತು. ಕನ್ನಡಿಯ ಮುಂದೆ ಹಾಡಿ ನೋಡಿದಾಗ, ಸ್ವರ ಏರಿದಂತೆಲ್ಲ ಭುಜಗಳು ಕಿವಿಯತ್ತ ಸರಿದು ಗದ್ದ ಮುಂದಕ್ಕೆ ಚಾಚಿಕೊಳ್ಳುವುದು ಕಣ್ಣಿಗೆ ಬಿತ್ತು. ಧ್ವನಿಪೆಟ್ಟಿಗೆಯು ನಾಲಿಗೆಯ ಬುಡ, ದವಡೆ ಹಾಗೂ ಎದೆಮೂಳೆಯ ಕಡೆಗೆ ಹಾಯುವ ಸ್ನಾಯುಗಳ ನಡುವೆ ತೂಗಿಕೊಂಡಿರುವುದರಿಂದ, ಅವು ಬಿಗಿದರೆ ಅದರ ಸಹಜ ಚಲನೆಗೆ ಅಡ್ಡಿಯಾಗುತ್ತದೆ. ಆದ್ದರಿಂದ ಈಗ ಹಾಡುವ ಮೊದಲು ಭುಜಗಳನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ, ತಲೆಯನ್ನು ಒಂದೊಂದು ಪಕ್ಕಕ್ಕೂ ವಾಲಿಸಿ, 15ರಿಂದ 20 ಸೆಕೆಂಡು ಹಾಗೆಯೇ ಉಸಿರಾಡುತ್ತೇನೆ; ಕತ್ತನ್ನು ಗಿರಗಿರನೆ ಸುತ್ತಿಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಪಕ್ಕೆಗಳಿಗೂ ಒಂದೆರಡು ಬಾಗು ಸಾಕು. ಹೆಚ್ಚಿನ ಫಲ ಕಂಡದ್ದು ದವಡೆಯಲ್ಲಿ: ಹಲ್ಲು ಕಚ್ಚಿದಾಗ ಕೆನ್ನೆಯ ಹಿಂಬದಿಯಲ್ಲಿ ಉಬ್ಬುವ ಸ್ನಾಯುವನ್ನು ಬೆರಳತುದಿಯಿಂದ ಮೆಲ್ಲನೆ ನೀವಿ, ಬಾಯಿಯನ್ನು ಸಡಿಲವಾಗಿ ಬಿಟ್ಟ ಮೇಲೆ ತಾರಷಡ್ಜ (ಮೇಲಿನ ‘ಸ’) ಒತ್ತಡವಿಲ್ಲದೆ ನಿಲ್ಲತೊಡಗಿತು.