ಎರಡು ಮಿಡಲ್‌ವೇಟ್ (ಮಧ್ಯಮ ಇಂಜಿನ್ ಗಾತ್ರದ) ಸ್ಪೋರ್ಟ್ ಬೈಕ್‌ಗಳನ್ನು ಸರಿಯಾಗಿ ಹೋಲಿಸುವುದು ಹೇಗೆ?

ಕವಾಸಾಕಿ ನಿಂಜಾ 650ರ ಶಕ್ತಿ 68 ಪಿಎಸ್ (ಅಶ್ವಶಕ್ತಿಯ ಅಳತೆ), ಅದೇ ಕಂಪನಿಯ ಝಡ್‌ಎಕ್ಸ್-6ಆರ್‌ನದು 124. ಕಾಗದದ ಮೇಲೆ ಹೆಚ್ಚುಕಡಿಮೆ ದುಪ್ಪಟ್ಟು. ಟಾರ್ಕ್, ಅಂದರೆ ಇಂಜಿನ್ ತಿರುಗಿಸುವ ಬಲ ನೋಡಿದರೆ 64 ಮತ್ತು 69 ನ್ಯೂಟನ್ ಮೀಟರ್, ಅಷ್ಟೇ ಅಂತರ. ಆ ಗರಿಷ್ಠ ಟಾರ್ಕ್ ಎಲ್ಲಿ ಸಿಗುತ್ತದೆ ಎನ್ನುವುದರಲ್ಲೇ ವಿಷಯವಿದೆ: ಮೊದಲನೆಯದರಲ್ಲಿ 6,700 ಆರ್‌ಪಿಎಂಗೆ (ನಿಮಿಷಕ್ಕೆ ಇಂಜಿನ್ ಸುತ್ತು), ಎರಡನೆಯದರಲ್ಲಿ 10,800ಕ್ಕೆ. ಘಾಟ್ ರಸ್ತೆಯಲ್ಲಿ ಎಷ್ಟು ಸಲ ಹತ್ತು ಸಾವಿರ ದಾಟಿಸುತ್ತೀರಿ?

ಅದಕ್ಕೇ ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ಮುಟ್ಟುವ 0-100 ಪರೀಕ್ಷೆ ಬಿಡಿ. ಅದರಲ್ಲಿ ಅರ್ಧ ಪರೀಕ್ಷೆ ನಿಮ್ಮ ಕ್ಲಚ್ ಕೈಯದ್ದು. ಖಾಲಿ ರಸ್ತೆಯಲ್ಲಿ ಆರನೇ ಗೇರ್‌ನಲ್ಲಿ 60ರಿಂದ 100ಕ್ಕೆ ಥ್ರಾಟಲ್ ಪೂರ್ತಿ ತೆರೆದು ಸಮಯ ಅಳೆಯಿರಿ. ಗೇರಿಂಗ್ ಬೇರೆ ಇರುವುದರಿಂದ ಮೂರನೇ ಗೇರ್‌ನಲ್ಲೂ ಒಮ್ಮೆ ನೋಡಿ. ಸ್ಪೀಡೋಮೀಟರ್‌ಗಳು ಸಾಮಾನ್ಯವಾಗಿ ಹೆಚ್ಚು ತೋರಿಸುತ್ತವೆ, ಜಿಪಿಎಸ್ ಬಳಸಿ. ಇಳಿಜಾರು, ಗಾಳಿಯ ಪ್ರಭಾವ ಕಳೆಯಲು ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯಿರಿ.

ಹ್ಯಾಂಡ್ಲಿಂಗ್ ವಿಷಯದಲ್ಲಿ ಮೋಸ ಹೋಗುವುದು ಹೆಚ್ಚು. ಸ್ಟೀರಿಂಗ್ ಭಾರ ಎಂದು ಬೈದ ಬೈಕ್‌ನ ಮುಂದಿನ ಟೈರ್‌ನಲ್ಲಿ ಗಾಳಿ ಕಡಿಮೆ ಇದ್ದಿರಬಹುದು. ಟೈರ್ ತಣ್ಣಗಿರುವಾಗಲೇ ಬೈಕ್ ಮೇಲಿನ ಸ್ಟಿಕ್ಕರ್ ಹೇಳಿದಷ್ಟು ತುಂಬಿಸಿ. ಝಡ್‌ಎಕ್ಸ್-6ಆರ್‌ಗೆ ಮುಂದೆ 36, ಹಿಂದೆ 42 ಪಿಎಸ್‌ಐ. ನಂತರ ಸ್ಯಾಗ್, ಅಂದರೆ ನೀವು ಕುಳಿತಾಗ ಸಸ್ಪೆನ್ಷನ್ ಕುಸಿಯುವ ಪ್ರಮಾಣ. ಹಿಂದಿನ ಚಕ್ರ ಎತ್ತಿ ಆಕ್ಸಲ್‌ನಿಂದ ಬಾಲದ ಒಂದು ಬಿಂದುವಿಗೆ ಅಳೆಯಿರಿ, ಹೆಲ್ಮೆಟ್, ಜಾಕೆಟ್ ಎಲ್ಲ ತೊಟ್ಟು ಕುಳಿತು ಮತ್ತೆ ಅಳೆಸಿ. ವ್ಯತ್ಯಾಸ 30-35 ಮಿ.ಮೀ. ಬರುವಂತೆ ಪ್ರಿಲೋಡ್ (ಸ್ಪ್ರಿಂಗ್ ಬಿಗಿ ಮಾಡುವ ಹೊಂದಾಣಿಕೆ) ತಿರುಗಿಸಿ. ಜಾಸ್ತಿ ಕುಸಿದರೆ ಬೈಕ್ ತಿರುವಿನಲ್ಲಿ ಹೊರಗೆ ಹೋಗುತ್ತದೆ. ನಿಂಜಾ 650, ಟ್ರಯಂಫ್ ಡೇಟೋನಾ 660ರಲ್ಲಿ ಮುಂದಿನ ಫೋರ್ಕ್‌ಗೆ (ಮುಂದಿನ ಸಸ್ಪೆನ್ಷನ್) ಹೊಂದಾಣಿಕೆಯೇ ಇಲ್ಲ, ಹಿಂದಿನದಷ್ಟೇ ಕೈಗೆ ಸಿಗುವುದು.

ಟೈರ್ ಅಗಲವನ್ನೂ ಲೆಕ್ಕಕ್ಕೆ ಹಿಡಿಯಿರಿ. ನಿಂಜಾ 650ಗೆ ಹಿಂದೆ 160 ಮಿ.ಮೀ., ಡೇಟೋನಾಗೆ, ಝಡ್‌ಎಕ್ಸ್-6ಆರ್‌ಗೆ 180. ಅಗಲ ಹೆಚ್ಚಾದಷ್ಟೂ ಅದೇ ವೇಗಕ್ಕೆ ಹೆಚ್ಚು ವಾಲಬೇಕು. ನಿಂಜಾ ಚುರುಕು ಎನಿಸಲು ಇದೂ ಒಂದು ಕಾರಣ. ಸವೆದು ಚಪ್ಪಟೆಯಾದ ಟೈರ್ ಇರುವ ಡೆಮೊ ಬೈಕ್ ಮೇಲೆ ತೀರ್ಪು ಕೊಡಬೇಡಿ. ಥ್ರಾಟಲ್ ಮುಚ್ಚಿ ತೆರೆದಾಗ ಬೈಕ್ ಎಳೆದಾಡಿದರೆ ತಪ್ಪನ್ನು ಇಂಜಿನ್‌ನ ಮೇಲೆ ಹಾಕುವ ಮುಂಚೆ ಚೈನ್ ಸಡಿಲಿಕೆ ಪರೀಕ್ಷಿಸಿ.

ಕೊನೆಗೆ ಬೆಂಗಳೂರಿನ ಸಿಲ್ಕ್ ಬೋರ್ಡ್‌ನ ಮಧ್ಯಾಹ್ನದ ಟ್ರಾಫಿಕ್‌ನಲ್ಲಿ ಹದಿನೈದು ನಿಮಿಷ ಓಡಿಸಿ. ಫ್ಯಾನ್ ಬಿಸಿಗಾಳಿ ಯಾವ ಕಾಲಿನ ಮೇಲೆ ಬೀಳುತ್ತದೆ, ಮಣಿಕಟ್ಟು ಎಷ್ಟು ಹೊತ್ತಿಗೆ ನೋಯುತ್ತದೆ ಎಂಬುದನ್ನು ಯಾವ ಸ್ಪೆಕ್ ಶೀಟೂ ಹೇಳುವುದಿಲ್ಲ.