ನಮ್ಮ ಮೈನ್‌ಕ್ರಾಫ್ಟ್ ಸರ್ವರ್‌ಗೆ ಮೇಸ್ತ್ರಿ ಇಟ್ಟ ಕಥೆ

ಹಗಲು ನಾನು ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ಹಾಜರಿ, ತೂಕ, ಬಟವಾಡೆ, ಇದೇ ಕೆಲಸ. ರಾತ್ರಿ ಊಟ ಆದ ಮೇಲೆ ಒಂದು ಮೈನ್‌ಕ್ರಾಫ್ಟ್ ಸರ್ವರ್ ನೋಡಿಕೊಳ್ಳುತ್ತೇನೆ. ಮೈನ್‌ಕ್ರಾಫ್ಟ್ ಅಂದರೆ ಚೌಕಾಕಾರದ ಬ್ಲಾಕ್‌ಗಳನ್ನು ಅಗೆದು, ಜೋಡಿಸಿ ಕಟ್ಟುವ ವಿಡಿಯೋ ಆಟ; ಎಲ್ಲರೂ ಒಂದೇ ಜಗತ್ತಿನಲ್ಲಿ ಸೇರಿ ಆಡುವುದು ಸರ್ವರ್‌ನಲ್ಲಿ. 2020ರ ಲಾಕ್‌ಡೌನ್‌ನಲ್ಲಿ ಅಕ್ಕನ ಮಗನಿಗೋಸ್ಕರ ಹಳೇ ಲ್ಯಾಪ್‌ಟಾಪಿನಲ್ಲಿ ಶುರು ಮಾಡಿದ್ದು. ಅವನು ಅವನ ಸ್ನೇಹಿತರನ್ನು ಕರೆದ, ಅವರು ಇನ್ನಷ್ಟು ಜನರನ್ನು ಕರೆದರು, ಈಗ ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ, ಸೋಮವಾರಪೇಟೆ ಅಂತ ಎಲ್ಲಾ ಕಡೆಯ ಮಕ್ಕಳೂ ಇದ್ದಾರೆ. ತೋಟದಲ್ಲೂ ಬ್ಲಾಕ್ ಲೆಕ್ಕ, ಆಟದಲ್ಲೂ ಬ್ಲಾಕ್ ಲೆಕ್ಕ ಅಂತ ಮನೆಯಲ್ಲಿ ತಮಾಷೆ ಮಾಡುತ್ತಾರೆ.

ಸರ್ವರ್ ನಡೆಸುವುದು ಅಷ್ಟೇನೂ ಕಷ್ಟ ಅಲ್ಲ. ನಮ್ಮದು ಜಾವಾ, ಅಂದರೆ ಕಂಪ್ಯೂಟರಿನ ಆವೃತ್ತಿ, ಮಕ್ಕಳು ಜಾಸ್ತಿ ಆಡುವುದು ಫೋನ್‌ನಲ್ಲಿ, ಅಂದರೆ ಬೆಡ್‌ರಾಕ್. ಗೈಸರ್ ಅಂತ ಒಂದು ಪ್ಲಗಿನ್ (ಸರ್ವರ್‌ಗೆ ಸೇರಿಸುವ ಸಣ್ಣ ಪ್ರೋಗ್ರಾಂ) ಹಾಕಿದರೆ ಇಬ್ಬರೂ ಒಂದೇ ಜಗತ್ತಿಗೆ ಬರಬಹುದು. ಮಳೆಗಾಲದಲ್ಲಿ ಮನೆಯ ಕರೆಂಟ್ ನಂಬಿ ಆಗುವುದಿಲ್ಲ ಅಂತ ಒಂದು ವರ್ಷದ ಮೇಲೆ ಬಾಡಿಗೆಯ ಸರ್ವರ್‌ಗೆ ಹೋದೆ. ಅದರ ಕಥೆ ಅಷ್ಟೇ.

ಕಷ್ಟ ಆಗಿದ್ದು ಹೊಸಬರನ್ನು ಉಳಿಸಿಕೊಳ್ಳುವುದು. ಬರುತ್ತಿದ್ದರು, ಹೋಗುತ್ತಿದ್ದರು. ಲಾಗ್ ತೆಗೆದು ನೋಡಿದರೆ ಒಳಗೆ ಬಂದ ಹೊತ್ತಿಗೂ ಹೊರಗೆ ಹೋದ ಹೊತ್ತಿಗೂ ಹತ್ತು ನಿಮಿಷವೂ ಇರುತ್ತಿರಲಿಲ್ಲ.

ತಪ್ಪು ನನ್ನದೇ. ಎಲ್ಲರೂ ಮೊದಲು ಬಂದು ಇಳಿಯುವ ಜಾಗಕ್ಕೆ ಸ್ಪಾನ್ ಅನ್ನುತ್ತಾರಲ್ವಾ, ಅಲ್ಲಿ ನಾನು ದೊಡ್ಡದೊಂದು ಐನ್‌ಮನೆ, ಅಂದರೆ ಕೊಡವರ ಕುಟುಂಬದ ಮೂಲ ಮನೆ, ಕಟ್ಟಿದ್ದೆ. ಕಂಬ, ಜಗಲಿ, ಮೆಟ್ಟಿಲು, ಎಲ್ಲಾ ಇತ್ತು. ಎರಡು ವಾರ ನಿದ್ದೆ ಬಿಟ್ಟು ಕಟ್ಟಿದ್ದು. ಗೋಡೆ ತುಂಬಾ ಬೋರ್ಡು, ಒಂದೊಂದರಲ್ಲೂ ಒಂದೊಂದು ನಿಯಮ. ಅದನ್ನೂ ಕನ್ನಡದಲ್ಲೇ ಬರೆಯಬೇಕು ಅಂತ ಹಟ ಮಾಡಿ ಬರೆದೆ, ಆಟದೊಳಗೆ ಒತ್ತಕ್ಷರ ಎಲ್ಲಾ ಒಡೆದು ಬಿಡಿಬಿಡಿಯಾಗಿ ನಿಂತು ಒಂದು ಸಾಲೂ ಓದಲು ಬರಲಿಲ್ಲ. ಕೊನೆಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದೆ. ಅದನ್ನೂ ಯಾರೂ ಓದಲಿಲ್ಲ ಬಿಡಿ.

ಓದದೇ ಹೊರಗೆ ಓಡುತ್ತಿದ್ದರು. ಈ ಆಟದಲ್ಲಿ ಒಂದು ಇಡೀ ದಿನ ಅಂದರೆ 20 ನಿಮಿಷ, ಅದರಲ್ಲಿ ಒಳ್ಳೆಯ ಬೆಳಕು ಇರುವುದು 10 ನಿಮಿಷ. ಐನ್‌ಮನೆ ನೋಡಿ, ಕೋಳಿ ಓಡಿಸಿ, ಎರಡು ಮರ ಕಡಿಯುವಷ್ಟರಲ್ಲಿ ಕತ್ತಲು. ಕತ್ತಲಲ್ಲಿ ಜೋಂಬಿ, ಅಸ್ಥಿಪಂಜರ, ಹತ್ತಿರ ಬಂದು ಸಿಡಿಯುವ ಕ್ರೀಪರ್. ಸತ್ತರೆ ಕೈಯಲ್ಲಿದ್ದದ್ದು ಎಲ್ಲಾ ಅಲ್ಲೇ ಬಿದ್ದು ಹೋಗುತ್ತದೆ. ಮತ್ತೆ ಐನ್‌ಮನೆಯಲ್ಲಿ ಹುಟ್ಟು, ಮತ್ತೆ ಹೊರಗೆ ಕತ್ತಲು. ಯಾರು ಇರುತ್ತಾರೆ?

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಬಂದವರ ಕೈಗೆ ವಜ್ರದ ಕತ್ತಿ, ವಜ್ರದ ಕವಚ ಕೊಟ್ಟೆ. ಎರಡು ದಿನ ಮಜಾ ಮಾಡಿದರು. ಮೂರನೇ ದಿನ ಗೋಣಿಕೊಪ್ಪದ ಹುಡುಗನೊಬ್ಬ ಕೇಳಿದ: ‘ಅಣ್ಣಾ, ಎಲ್ಲಾ ಇದೆ, ಈಗ ಏನು ಮಾಡೋದು?’ ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ತೋಟದಲ್ಲಿ. ಕುಯ್ಲು ಶುರುವಾದಾಗ ಅಸ್ಸಾಂ ಕಡೆಯಿಂದ ಹೊಸ ಕೆಲಸದವರು ಬರುತ್ತಾರೆ. ಕನ್ನಡ ಬಾರದು, ತೋಟ ಗೊತ್ತಿಲ್ಲ, ಸಿಲ್ವರ್ ಮರದ ಸಾಲುಗಳು ಎಲ್ಲಾ ಒಂದೇ ಥರ ಕಾಣುತ್ತವೆ. ನಮ್ಮ ಮೇಸ್ತ್ರಿ ಅವರಿಗೆ ನಕ್ಷೆ ಕೊಡುವುದಿಲ್ಲ, ಭಾಷಣ ಮಾಡುವುದೂ ಇಲ್ಲ. ಜೊತೆಯಲ್ಲಿ ನಡೆದು ಮೂರು ವಿಷಯ ತೋರಿಸುತ್ತಾರೆ: ಕುಡಿಯುವ ನೀರು ಎಲ್ಲಿ, ಚೀಲ ತೂಗುವುದು ಎಲ್ಲಿ, ಆನೆ ಬಂದರೆ ಯಾವ ಕಡೆ ಓಡಬೇಕು. ಆಮೇಲೆ ಒಂದು ಸಾಲಿನಲ್ಲಿ ಹಳಬರ ಪಕ್ಕ ನಿಲ್ಲಿಸಿ ಹೊರಟುಹೋಗುತ್ತಾರೆ. ಇದನ್ನು ನಾನು ವರ್ಷಗಟ್ಟಲೆ ದಿನಾ ನೋಡುತ್ತಿದ್ದೆ, ಹಾಜರಿ ಪುಸ್ತಕ ಹಿಡಿದು ಪಕ್ಕದಲ್ಲೇ ನಿಂತು. ತಲೆಗೆ ಹೋಗಲು ಇಷ್ಟು ದಿನ ಬೇಕಾಯಿತು.

ಅವತ್ತು ರಾತ್ರಿ ಬೋರ್ಡುಗಳನ್ನೆಲ್ಲಾ ಕಿತ್ತೆ. ಹೊಸಬರಿಗೆ ಮೂರೇ ವಿಷಯ ಅಂತ ತೀರ್ಮಾನ ಆಯಿತು. ಊಟ ಎಲ್ಲಿ, ಮಲಗುವುದು ಎಲ್ಲಿ, ಕ್ರೀಪರ್ ಬಂದರೆ ಏನು ಮಾಡಬೇಕು. ಕೈಗೆ ರೊಟ್ಟಿ, ಒಂದು ಹಾಸಿಗೆ, ಒಂದಷ್ಟು ಪಂಜು. ಕತ್ತಿ ಇಲ್ಲ.

ಸ್ಪಾನ್‌ನಿಂದ 300 ಬ್ಲಾಕ್ ದೂರದಲ್ಲಿ ತೋಟದ ಕೆಲಸದವರ ಲೈನ್ ಮನೆ ಥರ ಉದ್ದಕ್ಕೆ ಎಂಟು ಕೋಣೆ ಕಟ್ಟಿದೆ. ಈ ಆಟದಲ್ಲಿ ಸೆಕೆಂಡಿಗೆ ನಾಲ್ಕು ಬ್ಲಾಕ್‌ಗಿಂತ ಸ್ವಲ್ಪ ಜಾಸ್ತಿ ನಡೆಯಬಹುದು, ಹಾಗಾಗಿ 300 ಅಂದರೆ ಒಂದು ನಿಮಿಷಕ್ಕೆ ಸ್ವಲ್ಪ ಜಾಸ್ತಿ. ಸುಮ್ನೆ ಇಟ್ಟ ದೂರ ಅಲ್ಲ ಅದು. ಮೊದಲು ಸ್ಪಾನ್ ಪಕ್ಕದಲ್ಲೇ ಕಟ್ಟಿದ್ದೆ, ಆಗ ಯಾರೂ ಎಲ್ಲಿಗೂ ಹೋಗಲೇ ಇಲ್ಲ. ಸ್ವಲ್ಪ ನಡೆದರೆ ‘ನಾನು ಬಂದ ದಾರಿ’ ಅಂತ ಒಂದು ನೆನಪಿರುತ್ತದೆ. ದಾರಿ ಕವಲೊಡೆಯುವಲ್ಲಿ ಕೆಂಪು ಉಣ್ಣೆಯ ಕಂಬ ಇಟ್ಟೆ. ಜಾಗ ಗುರುತಿಸುವ ಎಕ್ಸ್, ಜೆಡ್ ಅಂಕಿಗಳನ್ನು ಮೊದಲ ದಿನವೇ ಹೇಳುವುದು ಬಿಟ್ಟೆ. ನಮ್ಮ ಕಡೆಯ ಮಕ್ಕಳು ‘ಕೆರೆ ದಾಟಿ, ಎರಡನೇ ಹಲಸಿನ ಮರದ ಹತ್ತಿರ ಎಡಕ್ಕೆ’ ಅಂದರೆ ಸರಿಯಾಗಿ ಹೋಗುತ್ತಾರೆ. ಆಟದೊಳಗೂ ಹಾಗೇ ಗುರುತು ಇವೆ. ಮೋಡ ಯಾವಾಗಲೂ ಪಶ್ಚಿಮಕ್ಕೇ ತೇಲುತ್ತದೆ, ಸೂರ್ಯಕಾಂತಿ ಗಿಡ ಪೂರ್ವಕ್ಕೇ ಮುಖ ಮಾಡಿ ನಿಲ್ಲುತ್ತದೆ. ಅದಕ್ಕೇ ಲೈನ್ ಮನೆ ಮುಂದೆ ಒಂದು ಸಾಲು ಸೂರ್ಯಕಾಂತಿ ನೆಟ್ಟಿದ್ದೇನೆ.

ಇನ್ನು ಮೇಸ್ತ್ರಿಗಳು. ಆರು ತಿಂಗಳಿಗಿಂತ ಜಾಸ್ತಿ ಆಡಿದವರಲ್ಲಿ ತಾಳ್ಮೆ ಇರುವ ನಾಲ್ಕು ಮಂದಿಯನ್ನು ಆರಿಸಿದೆ, ಆ ಹೆಸರನ್ನೇ ಕೊಟ್ಟೆ. ಆಟ ಚೆನ್ನಾಗಿ ಬರುವವರು ಒಳ್ಳೆಯ ಮೇಸ್ತ್ರಿ ಆಗುತ್ತಾರೆ ಅಂದುಕೊಂಡಿದ್ದು ಸುಳ್ಳಾಯಿತು. ನಮ್ಮಲ್ಲಿ ಎಲ್ಲರಿಗಿಂತ ಚುರುಕಾದ ಹುಡುಗ ಒಬ್ಬ ಇದ್ದ. ಹೊಸಬನ ಜೊತೆ ಹೋಗಿ ಅವನೇ ಮರ ಕಡಿದ, ಅವನೇ ಮನೆ ಕಟ್ಟಿದ, ಅವನೇ ಜೋಂಬಿ ಹೊಡೆದ. ಹೊಸಬ ಹಿಂದೆ ಹಿಂದೆ ನಡೆದ, ಹತ್ತು ನಿಮಿಷ ಆದ ಮೇಲೆ ಲಾಗೌಟ್. ಅವತ್ತಿನಿಂದ ಒಂದು ಕಟ್ಟುನಿಟ್ಟು: ಮೇಸ್ತ್ರಿ ಕೈಯಲ್ಲಿ ಏನೂ ಇರಬಾರದು. ಕೊಡಲಿ ಇಲ್ಲ, ಕತ್ತಿ ಇಲ್ಲ, ಬರೀ ಕೈ. ಕೈ ಖಾಲಿ ಇದ್ದರೆ ಬಾಯಿ ತಾನಾಗಿ ಕೆಲಸ ಮಾಡುತ್ತದೆ.

ಬಾಯಿ ಅಂದಾಗ ಭಾಷೆಯ ವಿಷಯ. ಚಾಟ್‌ನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ ಎಲ್ಲಾ ಓಡುತ್ತಿರುತ್ತದೆ, ಕೇಳಲು ಚೆಂದವೇ. ಆದರೆ ಹೊಸಬರು ಇರುವಾಗ ಕನ್ನಡ. ಇಲ್ಲದಿದ್ದರೆ ಎಲ್ಲರೂ ತನ್ನನ್ನೇ ನೋಡಿ ನಗುತ್ತಿದ್ದಾರೆ ಅಂತ ಅವರಿಗೆ ಅನಿಸುತ್ತದೆ.

ಮೊದಲ ರಾತ್ರಿ ಏನು ಮಾಡಬೇಕು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಉಳಿಯುವವರು ಹೋಗುವವರು ಅಲ್ಲೇ ತೀರ್ಮಾನ ಆಗುತ್ತಾರೆ. ಹಾಸಿಗೆ ಹಾಕಿ ಮಲಗಿದರೆ ಬೆಳಗಾಗುತ್ತದೆ, ಸತ್ತರೂ ಅಲ್ಲೇ ಹುಟ್ಟುತ್ತಾರೆ. ಆದರೆ ಎಲ್ಲರೂ ಮಲಗಿದರೆ ಮಾತ್ರ ರಾತ್ರಿ ಮುಗಿಯುವುದು ಅಂತ ಆಟದ ಮೂಲ ನಿಯಮ. ಹಳಬರು ಗಣಿಯಲ್ಲಿ ಅಗೆಯುತ್ತಾ ಕುಳಿತರೆ ಹೊಸಬ ಹಾಸಿಗೆಯಲ್ಲಿ ಕಣ್ಣು ಬಿಟ್ಟು ಕಾಯಬೇಕು. ಅದನ್ನು ಬದಲಾಯಿಸಿ ಒಬ್ಬರು ಮಲಗಿದರೂ ಸಾಕು ಅಂತ ಮಾಡಿದೆ. ಇನ್ನೊಂದು, ಬೆಳಗಾಯಿತು ಅಂತ ತಟ್ಟನೆ ಬಾಗಿಲು ತೆಗೆಯಬಾರದು. ಜೋಂಬಿ ಬಿಸಿಲಿಗೆ ಸುಡುತ್ತದೆ, ಕ್ರೀಪರ್ ಸುಡುವುದಿಲ್ಲ. ಅದು ಬಾಗಿಲ ಹತ್ತಿರವೇ ನಿಂತಿರುತ್ತದೆ, ಹಿಸ್ ಅಂದ ಮೇಲೆ ಸಿಡಿಯಲು ಒಂದೂವರೆ ಸೆಕೆಂಡು. ನಮ್ಮ ಮೇಸ್ತ್ರಿ ಹುಡುಗಿಯೊಬ್ಬಳು ಇದನ್ನು ಹೇಳಿಕೊಡುವುದೇ ಬೇರೆ ಥರ: ‘ಬೆಳಿಗ್ಗೆ ಬಾಗಿಲು ತೆಗೆಯೋ ಮುಂಚೆ ಆನೆ ಇದೆಯಾ ಅಂತ ನೋಡ್ತೀರಲ್ಲ, ಹಾಗೇ ನೋಡಿ.’ ಬೇರೆ ವಿವರಣೆ ಬೇಕಾಗಲೇ ಇಲ್ಲ.

ಸತ್ತು ಸಾಮಾನು ಬಿದ್ದರೆ ಐದು ನಿಮಿಷಕ್ಕೆ ಮಾಯ ಆಗುತ್ತದೆ ಅಂತ ಮಕ್ಕಳು ಗಾಬರಿಯಲ್ಲಿ ಓಡಿ ಮತ್ತೆ ಸಾಯುತ್ತಾರೆ. ಆ ಐದು ನಿಮಿಷ ಓಡುವುದು ಹತ್ತಿರ ಯಾರಾದರೂ ಇದ್ದು ಆ ಜಾಗ ಲೋಡ್ ಆಗಿದ್ದರೆ ಮಾತ್ರ. ದೂರದಲ್ಲಿ ಸತ್ತಿದ್ದರೆ, ಅಲ್ಲಿ ಬೇರೆ ಯಾರೂ ಇಲ್ಲದಿದ್ದರೆ, ಗಡಿಯಾರ ನಿಂತಿರುತ್ತದೆ. ನಿಧಾನಕ್ಕೆ ರೊಟ್ಟಿ ತಿಂದು ಹೋಗಿ ಅಂತ ಹೇಳಿಕೊಟ್ಟಿದ್ದೇವೆ.

ಜಾಗದ ಜಗಳಕ್ಕೆ ಚಿನ್ನದ ಸಲಿಕೆ. ಗ್ರೀಫ್‌ಪ್ರಿವೆನ್ಷನ್ ಅನ್ನುವ ಪ್ಲಗಿನ್ ಇದ್ದರೆ ಮೊದಲ ಪೆಟ್ಟಿಗೆ ಇಟ್ಟ ಕೂಡಲೇ ಅದರ ಸುತ್ತ ಸ್ವಲ್ಪ ಜಾಗ ತಾನಾಗಿ ನಿಮ್ಮದಾಗುತ್ತದೆ, ಜಾಸ್ತಿ ಬೇಕಾದರೆ ಸಲಿಕೆ ಹಿಡಿದು ಎದುರುಬದುರು ಎರಡು ಮೂಲೆ ಒತ್ತಿದರೆ ಬೇಲಿ. ಬೇಲಿ ಅಂದರೆ ನಮ್ಮ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಬೇಲಿ ಹಾಕದ ಗೋಧಿ ಗದ್ದೆಯನ್ನು ಒಬ್ಬ ಹೊಸಬ ಪೂರ್ತಿ ಕೊಯ್ದುಬಿಟ್ಟಿದ್ದ, ಹಳಬರು ಅವನನ್ನು ಹೊರಗೆ ಹಾಕಿ ಅಂತ ಗಲಾಟೆ. ಯಾರು ಯಾವ ಬ್ಲಾಕ್ ಕಿತ್ತರು ಅಂತ ತೋರಿಸುವ ಪ್ಲಗಿನ್‌ನಲ್ಲಿ ನೋಡಿದರೆ ಬಂದು ಹದಿನೈದು ನಿಮಿಷವೂ ಆಗಿರಲಿಲ್ಲ ಅವನಿಗೆ. ಅದು ಯಾರೋ ಬೆಳೆದದ್ದು ಅಂತಲೇ ಗೊತ್ತಿರಲಿಲ್ಲ ಪಾಪ. ಬೀಜ ವಾಪಸ್ ನೆಡುವುದು ಹೇಗೆ ಅಂತ ತೋರಿಸಿದೆವು, ಅಷ್ಟೇ.

ಈಗ ನಾನೇ ಮಾಡಿದ ಎಡವಟ್ಟು. ಎಲ್ಲಿ ಕತ್ತಲಾದರೂ ಹಾಸಿಗೆ ಹಾಕಿ ಮಲಗಿ ಅಂತ ಎಲ್ಲರಿಗೂ ಹೇಳಿದ್ದೆ. ಕುಶಾಲನಗರದ ಹುಡುಗನೊಬ್ಬ ಮೂರನೇ ದಿನಕ್ಕೇ ಯಾರದೋ ಬಾಗಿಲಿನಿಂದ ನೆದರ್‌ಗೆ ಹೋಗಿದ್ದಾನೆ. ನೆದರ್ ಅಂದರೆ ಬೆಂಕಿಯ ಲೋಕ. ಅಲ್ಲಿ ದಿಕ್ಸೂಚಿ ಕೆಲಸ ಮಾಡುವುದಿಲ್ಲ, ಹಗಲಿಲ್ಲ, ಸೂರ್ಯ ಇಲ್ಲ. ಕತ್ತಲಾಗಿದೆ, ಅಣ್ಣ ಹೇಳಿದ್ದಾನೆ ಅಂತ ಹಾಸಿಗೆ ಹಾಕಿದ. ನೆದರ್‌ನಲ್ಲಿ ಹಾಸಿಗೆಯ ಮೇಲೆ ಮಲಗಲು ಹೋದರೆ ಅದು ಬಾಂಬಿನ ಹಾಗೆ ಸಿಡಿಯುತ್ತದೆ. ಹುಡುಗನೂ ಹೋದ, ಸಾಮಾನೂ ಹೋಯಿತು. ‘ಅಣ್ಣಾ, ನೀವೇ ಹೇಳಿದ್ದಲ್ವಾ!’ ಅಂದ. ನಾನು ಅರ್ಧ ಗಂಟೆ ಕ್ಷಮೆ ಕೇಳಿದ್ದೇನೆ. ಈಗ ನೆದರ್ ಬಾಗಿಲುಗಳ ಪಕ್ಕದಲ್ಲಿ ಒಂದು ಪೆಟ್ಟಿಗೆ ಇದೆ, ಹಾಸಿಗೆ ಅದರಲ್ಲಿ ಇಟ್ಟು ಒಳಗೆ ಹೋಗಬೇಕು.

ಮಳೆಗಾಲ ನಮ್ಮ ದೊಡ್ಡ ತಲೆನೋವು. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ತಂತಿ ಹೋದರೆ ಕೆಲವು ಊರಿನ ಮಕ್ಕಳು ವಾರಗಟ್ಟಲೆ ಕಾಣುವುದಿಲ್ಲ. ವಾಪಸ್ ಬಂದಾಗ ಅವರೂ ಹೊಸಬರೇ, ಬಟನ್ ನೆನಪಿರುತ್ತದೆ, ದಾರಿ ಮರೆತಿರುತ್ತದೆ. ಅದಕ್ಕೆ ಹಳೇ ಹಾಜರಿ ಪುಸ್ತಕವೊಂದರಲ್ಲಿ ಯಾರ ಮನೆ ಎಲ್ಲಿ ಅಂತ ಅಂಕಿ ಸಮೇತ ಬರೆದಿಟ್ಟಿದ್ದೇನೆ.

ಹೋದ ಸೆಪ್ಟೆಂಬರ್‌ನಲ್ಲಿ, ಕೈಲ್‌ಪೋಳ್ದ್ ಹಬ್ಬ ಮುಗಿದ ವಾರ, ನಾಪೋಕ್ಲು ಕಡೆಯ ಹುಡುಗಿಯೊಬ್ಬಳು ಬಂದಳು. ‘ಅಣ್ಣಾ, ನನ್ನ ಮನೆ ಕಾಣೆಯಾಗಿದೆ.’ ಮೇಸ್ತ್ರಿಗಳು ಯಾರೂ ಇರಲಿಲ್ಲ, ಪುಸ್ತಕ ನೋಡಿಕೊಂಡು ನಾನೇ ಹೊರಟೆ, ಬರೀ ಕೈಯಲ್ಲಿ. ಎರಡನೇ ಕೆಂಪು ಉಣ್ಣೆ ಕಂಬದ ಹತ್ತಿರ ಬಂದಾಗ ಅವಳೇ ನನ್ನನ್ನು ದಾಟಿ ಓಡಿದಳು. ನಾನು ಹೋಗುವಷ್ಟರಲ್ಲಿ ಬಾಗಿಲು ತೆಗೆದು ನಿಂತಿದ್ದಳು, ಒಳಗೆ ಯಾರದೋ ಎರಡು ಕೋಳಿ ಸಂಸಾರ ಹೂಡಿದ್ದವು.