ಹಳೇ ಟಿವಿ ಗೇಮ್ ರಿಪೇರಿ: ಮೊದಲು 5 ವೋಲ್ಟ್, ಆಮೇಲೆ 60 ಪಿನ್

ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಮನೆಮನೆಗೆ ಬಂದ ಟಿವಿ ಗೇಮ್‌ಗಳಲ್ಲಿ ಬಹುಪಾಲು, 1983ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ನಿಂಟೆಂಡೊ ಫ್ಯಾಮಿಕಾಮ್‌ನ ನಕಲುಗಳು. ಮೇಲೆ ಕ್ಯಾಸೆಟ್ ಸಿಕ್ಕಿಸುವ 60 ಪಿನ್ನಿನ ಸ್ಲಾಟ್. ಒಳಗೆ ಬೋರ್ಡಿನ ಮೇಲೆ ಕಪ್ಪು ಅಂಟು ಸುರಿದು ಮುಚ್ಚಿದ ಚಿಪ್. ಆ ಚಿಪ್ ಹೋದರೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ. ಆದರೆ ಅದು ಹೋಗುವುದು ಅಪರೂಪ. ಆನ್ ಆಗದ ಸೆಟ್ ಕೈಗೆ ಬಂದರೆ ನಾನು ಮೊದಲು ಕರೆಂಟ್ ನೋಡುತ್ತೇನೆ, ಆಮೇಲೆ ಸ್ಲಾಟ್. ಅಲ್ಲಿಯತನಕ ಸೋಲ್ಡರಿಂಗ್ ಐರನ್ ಬಿಸಿ ಮಾಡುವುದೇ ಇಲ್ಲ.

ಹಳೇ ಟ್ರಾನ್ಸ್‌ಫಾರ್ಮರ್ ಅಡಾಪ್ಟರಿನ ಮೇಲೆ 9 ವೋಲ್ಟ್ ಅಂತಿದ್ದರೂ ಬರಿದೇ ಅಳೆದರೆ 12–14 ತೋರಿಸುತ್ತದೆ. ಗಾಬರಿ ಬೇಡ. ಸೆಟ್‌ಗೆ ಹಾಕಿ ಆನ್ ಮಾಡಿದ ಮೇಲೆ ಎಷ್ಟಕ್ಕೆ ಇಳಿಯುತ್ತದೆ ಅನ್ನುವುದು ಮುಖ್ಯ. ಅದನ್ನು 5 ವೋಲ್ಟಿಗೆ ಇಳಿಸಿಕೊಡುವ ಮೂರು ಕಾಲಿನ ಭಾಗ, ಒಳಗಿರುವ 7805 ರೆಗ್ಯುಲೇಟರ್‌. ಅದಕ್ಕೆ ಕನಿಷ್ಠ 7 ವೋಲ್ಟ್ ಸಿಗಬೇಕು. ಅದರ ಬರಹ ನಮ್ಮ ಕಡೆಗಿದ್ದು ಕಾಲುಗಳು ಕೆಳಗಿದ್ದರೆ ಎಡದ್ದು ಇನ್‌ಪುಟ್, ನಡುವಿನದು ಗ್ರೌಂಡ್, ಬಲದ್ದು ಔಟ್‌ಪುಟ್. ಔಟ್‌ಪುಟ್‌ನಲ್ಲಿ 4.8ರಿಂದ 5.2 ವೋಲ್ಟ್ ಬರಬೇಕು. ಪರದೆಯಲ್ಲಿ ಅಡ್ಡಪಟ್ಟಿ ಉರುಳುತ್ತಾ ಸದ್ದು ಗುಂಯ್ ಅನ್ನುತ್ತಿದ್ದರೆ ಕರೆಂಟಿನ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಒಣಗಿದೆ ಅಂತಲೇ ಹೆಚ್ಚಾಗಿ ಅರ್ಥ. ರೆಗ್ಯುಲೇಟರಿನ ಇನ್‌ಪುಟ್ ಕಡೆ 1000 ಮೈಕ್ರೊಫ್ಯಾರಡ್, 25 ವೋಲ್ಟಿನದು ಹಾಕಿ.

ಹೊಸ ಅಡಾಪ್ಟರ್ ತರುವುದಾದರೆ 9 ವೋಲ್ಟಿನದೇ ಇರಲಿ. ಸೆಟ್ 300 ಮಿಲಿಆಂಪ್ ಎಳೆದರೆ 9 ವೋಲ್ಟಿನಲ್ಲಿ ರೆಗ್ಯುಲೇಟರ್ ಶಾಖವಾಗಿ ಕಳೆಯುವುದು 1.2 ವಾಟ್, 12 ವೋಲ್ಟಿನಲ್ಲಿ 2.1 ವಾಟ್. ಶಾಖ ಹೀರುವ ಪುಟ್ಟ ಲೋಹದ ಹೀಟ್‌ಸಿಂಕ್ ಈ 2.1 ವಾಟನ್ನು ತಾಳುವುದಿಲ್ಲ. ಜ್ಯಾಕ್‌ನ ಪೊಲ್ಯಾರಿಟಿ (ಪ್ಲಸ್ ಎಲ್ಲಿ, ಮೈನಸ್ ಎಲ್ಲಿ) ನೋಡದೆ ಚುಚ್ಚಲೇಬೇಡಿ: ಅಸಲಿ ಫ್ಯಾಮಿಕಾಮ್‌ನಲ್ಲಿ ನಡುವೆ ಮೈನಸ್, ನಕಲುಗಳಲ್ಲಿ ಒಂದೊಂದು ಒಂದೊಂದು ಥರ. ಪ್ಲಸ್ ತಂತಿಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್4007 ಡಯೋಡ್ ಸರಣಿಯಲ್ಲಿ ಹಾಕಿಬಿಟ್ಟರೆ ಆ ಭಯ ಇಲ್ಲ, 0.7 ವೋಲ್ಟ್ ಮಾತ್ರ ಕಡಿಮೆಯಾಗುತ್ತದೆ.

ಐದು ವೋಲ್ಟ್ ಸರಿಯಿದ್ದೂ ಗೇಮ್ ಬರದಿದ್ದರೆ ಸ್ಲಾಟ್. ಇಲ್ಲಿ ಪರದೆಯೇ ಅರ್ಧ ಉತ್ತರ ಹೇಳುತ್ತದೆ. ಕ್ಯಾಸೆಟ್‌ನಲ್ಲಿ ಪ್ರೋಗ್ರಾಂ ಬೇರೆ, ಚಿತ್ರಗಳು ಬೇರೆ. ಎರಡಕ್ಕೂ ಬೇರೆ ಬೇರೆ ಪಿನ್‌ಗಳು. 2ರಿಂದ 15 ಮತ್ತು 32ರಿಂದ 44 ಪ್ರೋಗ್ರಾಂ ಕಡೆಯವು. ಇವುಗಳಲ್ಲಿ ಒಂದು ಹಿಡಿಯದಿದ್ದರೂ ಗೇಮ್ ಶುರುವೇ ಆಗದೆ ಬರೀ ಬೂದು ಪರದೆ ನಿಲ್ಲಬಹುದು. 17ರಿಂದ 29 ಮತ್ತು 47ರಿಂದ 60 ಚಿತ್ರದವು. ಇವು ಕೊಳೆಯಾದರೆ ಗೇಮ್ ಓಡುತ್ತದೆ, ಹಾಡೂ ಕೇಳುತ್ತದೆ, ಆದರೆ ಆಟಗಾರನ ಜಾಗದಲ್ಲಿ ಚೂರುಚೂರು ಚೌಕಗಳು, ಗೀಟುಗಳು. ಚಿತ್ರ ಸ್ವಚ್ಛವಾಗಿದ್ದು ಸದ್ದು ಮಾತ್ರ ಇಲ್ಲವೇ? 45 ಮತ್ತು 46 ನೋಡಿ. ಅಸಲಿ ಫ್ಯಾಮಿಕಾಮ್‌ನಲ್ಲಿ ಸದ್ದು 45ರಿಂದ ಕ್ಯಾಸೆಟ್‌ಗೆ ಹೋಗಿ 46ರಿಂದ ವಾಪಸ್ ಬರುತ್ತದೆ.

ಕ್ಯಾಸೆಟ್ಟಿನ ಪಿನ್‌ಗಳನ್ನು 99% ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಉಜ್ಜಿ. ಕಪ್ಪು ಬಿಡದಿದ್ದರೆ ಪೆನ್ಸಿಲ್ ರಬ್ಬರ್. ಮರಳು ಕಾಗದ ಮುಟ್ಟಲೇಬೇಡಿ, ಲೇಪ ಕಿತ್ತು ತಾಮ್ರ ಬಯಲಾದರೆ ಮಳೆಗಾಲದಲ್ಲಿ ಹಸಿರು ಹಿಡಿಯುತ್ತದೆ. ಬಾಯಲ್ಲಿ ಊದುವ ಅಭ್ಯಾಸವೂ ಬಿಡಬೇಕು. ಊದಿದ ಮೇಲೆ ಗೇಮ್ ಬರುವುದು ಕ್ಯಾಸೆಟ್ ತೆಗೆದು ಮತ್ತೆ ಕೂರಿಸಿದ್ದರಿಂದ. ಉಸಿರಿನ ತೇವ ಒಳಗೇ ಉಳಿದು ಪಿನ್ ತಿನ್ನುತ್ತದೆ. ಸ್ಲಾಟಿನ ಒಳಗೆ ಒತ್ತಿಹೋದ ಲೋಹದ ಪತ್ತಿಗಳನ್ನು ಕರೆಂಟ್ ತೆಗೆದು ಸೂಜಿಯಿಂದ ಕೂದಲೆಳೆಯಷ್ಟೇ ಮುಂದಕ್ಕೆ ಎಳೆಯಿರಿ. ಕ್ಯಾಸೆಟ್ ಅಲುಗಿಸಿದರೆ ಚಿತ್ರ ಹೋಗಿ ಬರುವುದು ಆಮೇಲೂ ನಿಲ್ಲದಿದ್ದರೆ ಸ್ಲಾಟಿನ ಸೋಲ್ಡರ್ ಬಿರುಕು ಬಿಟ್ಟಿರಬಹುದು. 25 ವಾಟಿನ ಐರನ್, 60/40 ಸೋಲ್ಡರ್ ಲೆಡ್, ಸೋಲ್ಡರ್ ಚೆನ್ನಾಗಿ ಹಿಡಿಯಲು ಸ್ವಲ್ಪ ಫ್ಲಕ್ಸ್: 60 ಕಾಲನ್ನೂ ಒಂದೊಂದಾಗಿ ಬಿಸಿ ಮಾಡಿ.

ಆಟ ಆಡುವ ರಿಮೋಟ್‌ನಲ್ಲಿ ಒಂದೇ ಬಟನ್ ಕೆಲಸ ಮಾಡದಿದ್ದರೆ ರಬ್ಬರಿನಡಿಯ ಕಾರ್ಬನ್ ಸವೆದಿದೆ. ಕೆಟ್ಟ ಟಿವಿ ರಿಮೋಟಿನ ಕಾರ್ಬನ್ ಗುಂಡಿ ಕತ್ತರಿಸಿ ಅಂಟಿಸಿ. ಎಲ್ಲ ಬಟನ್ನೂ ಸತ್ತಿದ್ದರೆ ವೈರ್ ನೋಡಿ. 5 ವೋಲ್ಟ್, ಗ್ರೌಂಡ್, ಲ್ಯಾಚ್, ಕ್ಲಾಕ್, ಡೇಟಾ ಎಂಬ ಐದು ಎಳೆಗಳಲ್ಲಿ ಒಂದು ತುಂಡಾಗಿರುತ್ತದೆ, ಹೆಚ್ಚಾಗಿ ರಿಮೋಟ್‌ನೊಳಗೆ ಹೋಗುವ ಬಾಯಲ್ಲೇ. ಬಣ್ಣ ನಂಬಬೇಡಿ, ಮಲ್ಟಿಮೀಟರಿನಲ್ಲಿ ಕಂಟಿನ್ಯುಟಿ (ಎಳೆ ಎಲ್ಲಿಂದ ಎಲ್ಲಿಗೆ ಕೂಡಿದೆ) ನೋಡಿ ಜೋಡಿಸಿ.

ಪರದೆಗೆ ಗುರಿಯಿಟ್ಟು ಆಡುವ ಗನ್ ಕೆಲಸ ಮಾಡದಿದ್ದರೆ ಅದನ್ನು ಮಾತ್ರ ಬಿಚ್ಚಬೇಡಿ. ಎಲ್‌ಇಡಿ ಟಿವಿಯಲ್ಲಿ ಚಿತ್ರ ತಡವಾಗಿ ಮೂಡುವುದರಿಂದ ಅದು ಗುರಿ ಹಿಡಿಯುವುದಿಲ್ಲ. ಪಿಕ್ಚರ್ ಟ್ಯೂಬ್ ಇರುವ ಹಳೇ ಟಿವಿ ಮುಂದೆ ಒಮ್ಮೆ ಹಿಡಿದು ನೋಡಿ.